ಯಾರಿಗೋ ಹಾಕಿದ ಎಲೆ

ಹೆಸರಿಟ್ಟವರಿಗೆ ವರ್ಷಕ್ಕೊಮ್ಮೆ ಊಟ ಹಾಕದಿದ್ದರೆ ನಮ್ಮೂರಿನಲ್ಲಿ ಹೆಸರು ಉದುರಿಹೋಗುತ್ತದೆ. ಒಮ್ಮೆಗೇ ಅಲ್ಲ, ಮೊದಲು ಪರವೂರಿನವರ ಬಾಯಿಂದ, ಆಮೇಲೆ ಬೀದಿಯವರ ಬಾಯಿಂದ, ಕೊನೆಗೆ ಮನೆಯವರ ಬಾಯಿಂದ. ಹೆಸರು ಹೋದವರ ಮೈಗೇನೂ ಆಗುವುದಿಲ್ಲ. ಉಣ್ಣುತ್ತಾರೆ, ದುಡಿಯುತ್ತಾರೆ, ನಲ್ಲಿಯ ಹತ್ತಿರ ಜಗಳವನ್ನೂ ಆಡುತ್ತಾರೆ. ಆದರೆ ಸಂತೆಯಲ್ಲಿ ಅವರನ್ನು ಹಿಂದಿನಿಂದ ಕೂಗಿ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಕಡಲೆಕಾಯಿ ಕಿತ್ತು ಮುಗಿದ ಮೇಲಿನ ಮೊದಲ ಭಾನುವಾರ ಊರಿಗೆ ಊರೇ ಹೆಸರೂಟ ಮಾಡುತ್ತದೆ.

ಹೆಸರೂಟದ ಕ್ರಮ ಸುಲಭ. ಹೆಸರಿಟ್ಟವರನ್ನು ಅವರ ಹೆಸರು ಹಿಡಿದು ಎಲೆಗೆ ಕರೆಯಬೇಕು. ಅವರು ಕೂತು ಉಣ್ಣುತ್ತ, ಹೆಸರು ಪಡೆದವರನ್ನು ಒಮ್ಮೆ ಬಾಯಿತುಂಬ ಕರೆಯಬೇಕು. ಪಕ್ಕದವರು ಹೇಳಿಕೊಡಬಾರದು. ಇಟ್ಟವರು ತೀರಿಹೋಗಿದ್ದರೆ ಅವರ ಮನೆಯವರೋ, ಅವರ ಕಸುಬಿನವರೋ ಆ ಎಲೆಗೆ ಕೂರಬಹುದು. ಊಟ ಸೇರಬೇಕಾದ ಕಡೆ ಸೇರಿದರೆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ನಮ್ಮ ಗೋವಿಂದಯ್ಯ ಮೇಷ್ಟರಿಗೆ ಮುಪ್ಪಿನಲ್ಲಿ ಸ್ವಂತ ಹೆಂಡತಿಯ ಗುರುತೇ ಸಿಗುತ್ತಿರಲಿಲ್ಲ. ಆದರೂ ಹೆಸರೂಟದ ದಿನ ಎಲೆಯ ಮುಂದೆ ಕೂರಿಸಿದರೆ ತಾವು ಹೆಸರಿಟ್ಟ ಒಬ್ಬೊಬ್ಬರನ್ನೂ ತಪ್ಪದೆ ಕೂಗುತ್ತಿದ್ದರು. ಎದ್ದು ಕೈ ತೊಳೆದ ಮೇಲೆ ಮತ್ತೆ, ನೀವೆಲ್ಲ ಯಾರಪ್ಪ ಅನ್ನುತ್ತಿದ್ದರು.

ನಾನು ಸಂಪಂಗಿ, ದರ್ಜಿ. ನನಗೆ ಹೆಸರಿಟ್ಟವಳು ನನ್ನ ಅಂಗಡಿಯ ಎದುರಿಗೆ ಮೆಸ್ಸು ನಡೆಸುವ ಅಕ್ಕ. ನನ್ನವ್ವ ಆ ಮೆಸ್ಸಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳು ಅಲ್ಲೇ ಹಿತ್ತಲ ಕೋಣೆಯಲ್ಲಿ ನನ್ನನ್ನು ಹೆತ್ತಳಂತೆ. ಆಗ ಅಕ್ಕ ಇನ್ನೂ ಲಂಗ ಉಡುವ ಹುಡುಗಿ. ಕೂಸನ್ನು ಮೊದಲು ಎತ್ತಿಕೊಂಡಾಗ ಅವಳ ಜಡೆಯಿಂದ ಸಂಪಂಗಿ ಹೂವೊಂದು ನನ್ನ ಎದೆಯ ಮೇಲೆ ಬಿತ್ತಂತೆ, ಅದೇ ಹೆಸರಾಯಿತು. ನಾನು ಮದುವೆಯಾಗಲಿಲ್ಲ, ಅಡುಗೆಯೂ ಬಾರದು. ಹಾಗಾಗಿ ಪ್ರತಿ ವರ್ಷ ಅಕ್ಕನ ಹತ್ತಿರವೇ ಅಡುಗೆ ಮಾಡಿಸಿ, ಅಕ್ಕನಿಗೇ ಬಡಿಸುತ್ತಿದ್ದೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ. ಅವಳು ಒಂದು ತುತ್ತು ಉಂಡು, “ಸಂಪಂಗಿ, ಉಪ್ಪು ಕಮ್ಮಿ ಕಣೋ” ಅನ್ನುವಳು. ಉಪ್ಪು ಹಾಕಿದವಳೂ ಅವಳೇ.

ಅವಳನ್ನು ಇಲ್ಲಿ ಬರೀ ಅಕ್ಕ ಅಂತ ಕರೆಯುತ್ತಿರುವುದಕ್ಕೆ ಕಾರಣವಿದೆ. ಈ ಕಥೆ ನಡೆದ ವರ್ಷ ನಮ್ಮ ಬಾಯಲ್ಲಿ ಉಳಿದಿದ್ದುದು ಅಷ್ಟೇ. ಊರಿನ ಅರ್ಧ ಜನಕ್ಕೆ ಹೆಸರೂಟ ಬೇಯಿಸಿ ಕೊಡುತ್ತಿದ್ದವಳು ಅವಳು, ಅವಳ ಹೆಸರೇ ಸವೆಯತೊಡಗಿತ್ತು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಅವಳು ಈ ಊರಿನವಳಲ್ಲ. ಬಹಳ ಹಿಂದೆ, ನಂಜವ್ವ ಮೆಸ್ಸು ನಡೆಸುತ್ತಿದ್ದ ಕಾಲದಲ್ಲಿ, ದಾರಿಹೋಕರು ಯಾರೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡರಂತೆ. ಗಿಜಿಗಿಜಿ ಜನ ಇದ್ದ ಹೊತ್ತು. ಗಂಡಸೋ ಹೆಂಗಸೋ ಅಂತ ಕೂಡ ಯಾರೂ ಸರಿಯಾಗಿ ನೋಡಲಿಲ್ಲ. ಕೈ ತೊಳೆಯಲು ಹೊರಗೆ ಹೋದವರು ತಿರುಗಿ ಬರಲಿಲ್ಲ. ನಂಜವ್ವ ಮಗುವಿನ ಬಾಯಿ ಒರೆಸಿ ಹೆಸರು ಕೇಳಿದ್ದಕ್ಕೆ ಅದು ಅಳುವನ್ನು ನಿಲ್ಲಿಸಿ ಸ್ಪಷ್ಟವಾಗಿ ತನ್ನ ಹೆಸರು ಹೇಳಿತು. ಹೊಸ ಹೆಸರಿಡು, ನಾಳೆ ಎಲೆಗೆ ಕೂರಲಿಕ್ಕೆ ನೀನಾದರೂ ಇರ್ತೀಯ ಅಂತ ಊರವರು ಎಷ್ಟೋ ಹೇಳಿದರು. ನಂಜವ್ವ ಒಪ್ಪಲಿಲ್ಲ. ಮಗು ತಂದಿರುವ ಸೊತ್ತು ಅದೊಂದೇ, ಅದನ್ನೂ ಕಿತ್ತುಕೊಳ್ಳಲಾ ಅಂತ ಕೇಳಿದಳಂತೆ.

ಹೆಸರಿಟ್ಟವರು ಯಾರೆಂದು ಗೊತ್ತಿಲ್ಲದವರಿಗೆ ಊರಿನ ಹಿರಿಯರು ಒಂದು ದಾರಿ ಹೇಳಿಕೊಟ್ಟಿದ್ದರು. ಹೆಸರೂಟದ ದಿನ ಅನ್ನ ಕಲಸಿಕೊಂಡು ಮೂರು ದಾರಿ ಕೂಡುವಲ್ಲಿಗೆ ಹೋಗಿ, ದಾರಿಗೊಂದರಂತೆ ಉಂಡೆ ಎಸೆದು, ಹಿಂದಿರುಗಿ ನೋಡದೆ ಬರುವುದು. ಅಕ್ಕ ಲಂಗದ ವಯಸ್ಸಿನಿಂದ ತಲೆ ನರೆಯುವವರೆಗೂ ಅದನ್ನೇ ಮಾಡಿದಳು. ನಂಜವ್ವ ಬದುಕಿರುವವರೆಗೆ ದಿನಾ ಹತ್ತಾರು ಸಲ ಕೂಗುತ್ತಿದ್ದಳು, ಹೆಸರು ಹೇಗೋ ನಿಂತಿತ್ತು. ನಂಜವ್ವ ಹೋದ ಮೇಲೆ ಸವೆಯತೊಡಗಿತು. ಹಿಂದಿನ ಹೆಸರೂಟದಲ್ಲಿ ಅವಳನ್ನು ಎಲೆಗೆ ಕರೆಯುವಾಗ ನನ್ನ ನಾಲಿಗೆ ತಡವರಿಸಿ, ಮೈಯೆಲ್ಲ ಬೆವೆತು, ಆಮೇಲೆ ಹೇಗೋ ಹೆಸರು ಬಂದಿತ್ತು. ಈ ವರ್ಷ ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳನ್ನು ಕರೆಯಲಾಗದಿದ್ದರೆ ಅವಳಿಗೆ ಊಟ ಹಾಕುವುದು ಹೇಗೆ? ಅವಳ ಹಿಂದೆಯೇ ನನ್ನ ಹೆಸರೂ ಹೋಗುತ್ತದೆ.

“ನಂದು ಹೋದ್ರೆ ಹೋಗ್ಲಿ ಬಿಡು. ಹೆಂಗೂ ದಾರೀಲಿ ಸಿಕ್ಕಿದ್ದು,” ಅಂದಳು ಒಂದು ದಿನ ಸೊಪ್ಪು ಸೋಸುತ್ತ. “ನಿಂದು ಹೋಗ್ತದಲ್ಲ ಸಂಪಂಗಿ, ಅದು ನಂಗೆ ತಡೆಯಕ್ಕಾಗಲ್ಲ. ಅದು ನಾನು ಕೊಟ್ಟಿದ್ದು.”

ಕಂಡರಿಯದ ಒಂದು ಹಕ್ಕಿ ನಮ್ಮೂರಿಗೆ ಬಂದದ್ದು ಇಂಥ ದಿನಗಳಲ್ಲಿ. ಕಡಲೆಕಾಯಿ ಹೊಲದ ನಡುವೆ ಬೆಳಿಗ್ಗೆ ಬೆಳಿಗ್ಗೆ ಎದೆಯೆತ್ತರದ ಒಂದು ಪ್ರಾಣಿ ಕೈ ಹಿಂದೆ ಕಟ್ಟಿಕೊಂಡ ಅಮಲ್ದಾರನ ಗತ್ತಿನಲ್ಲಿ ನಡೆದಾಡುತ್ತಿತ್ತು. ಬೂದು ಮೈ, ಕೆಂಪು ಮಿಶ್ರಿತ ಹಳದಿ ಮುಖ, ಕೊಕ್ಕರೆಯಂಥ ಉದ್ದ ಕಾಲು. ತೊಡೆಗೆ ಮಾತ್ರ ಕರಿಯ ಚಡ್ಡಿ ತೊಟ್ಟ ಹಾಗೆ ಗರಿ. ದರ್ಜಿಯಾದ ನಾನು ಹೇಳುತ್ತೇನೆ, ಅಂಥ ಅಳತೆ ನನ್ನ ಕತ್ತರಿಗೂ ಬಂದಿಲ್ಲ. ತಲೆಯ ಹಿಂದೆ ಉದ್ದುದ್ದ ಗರಿಗಳು ಕೆದರಿ ನಿಂತಿದ್ದವು. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಹಾವು ಕಂಡರೆ ರೆಕ್ಕೆ ಬಿಚ್ಚಿ, ಕಾಲೆತ್ತಿ ಒದೆಯುತ್ತಿತ್ತು. ಆ ಒದೆತ ಬಿದ್ದ ಹಾವು ಮತ್ತೆ ಏಳುತ್ತಿರಲಿಲ್ಲ.

ನಾವು ಸುಮ್ಮನಿರುವ ಜನವೇ? ಹೆಸರಿಡಲು ಶುರು ಮಾಡಿದೆವು. ಒಬ್ಬರು ಗರುಡನ ಅಣ್ಣ ಅಂದರು. ಕಿವಿಯ ಹಿಂದೆ ಲೇಖನಿ ಸಿಕ್ಕಿಸಿಕೊಂಡಂತಿದೆ ಅಂತ ಮಕ್ಕಳು ಶಾನುಭೋಗ ಅಂದರು. ಕಾಂಪೌಂಡರ್ ಮರಿಸ್ವಾಮಿ ತನ್ನ ತೀರಿಹೋದ ಮಾವನ ಹೆಸರನ್ನೇ ಇಟ್ಟ, ನಡಿಗೆ ಹಾಗೇ ಇದೆ ಅಂತ. ಬೆಳಿಗ್ಗೆ ಇಟ್ಟ ಹೆಸರಿನಿಂದ ಸಂಜೆ ಅದನ್ನು ಕರೆಯಲು ಬಾಯಿ ಬರುತ್ತಿರಲಿಲ್ಲ. ಆಗ ನಮಗೆ ಅರ್ಥವಾಯಿತು. ಒಂದು ಹೆಸರು ಗಟ್ಟಿಯಾಗಿ ಕೂತಿರುವ ಕಡೆ ಇನ್ನೊಂದು ಕೂರುವುದಿಲ್ಲ. ಈ ಹಕ್ಕಿಗೆ ಎಲ್ಲೋ ಯಾರೋ ಆಗಲೇ ಹೆಸರಿಟ್ಟಿದ್ದಾರೆ, ಎಲ್ಲೋ ಯಾರೋ ಅದನ್ನು ಕಾಪಾಡಿಕೊಂಡು ಬರುತ್ತಿದ್ದಾರೆ.

ಒಂದು ಮಧ್ಯಾಹ್ನ ಅಕ್ಕ ಹಿತ್ತಲಿನ ಸೌದೆ ರಾಶಿಗೆ ಕೈ ಹಾಕಿದಳು. ಮುರಿದ ಗೋಡೆ ದಾಟಿ ಬಂದ ಹಕ್ಕಿ ಅವಳ ಪಕ್ಕದಲ್ಲೇ ದಢದಢ ಒದೆಯಿತು. ಅವಳು ಬೆಚ್ಚಿ ಹಿಂದೆ ಸರಿದು ನೋಡಿದರೆ ಅವಳ ಕೈ ಇದ್ದ ಜಾಗದಲ್ಲಿ ಮಂಡಲದ ಹಾವೊಂದು ತಲೆ ಜಜ್ಜಿಸಿಕೊಂಡು ಬಿದ್ದಿತ್ತು. ಅಕ್ಕ ಅಲ್ಲೇ ಕೈ ಮುಗಿದಳು. ಹೆಸರು ಹಿಡಿದು ಹೇಳದ ಕೃತಜ್ಞತೆ ನಮ್ಮೂರಲ್ಲಿ ಲೆಕ್ಕಕ್ಕಿಲ್ಲ. ಇದರ ಹೆಸರು ಗೊತ್ತಿರುವವರನ್ನು ಹುಡುಕಿ ಕರೆಸು, ನಾನು ಇದಕ್ಕೆ ಒಂದು ಮಾತು ಹೇಳಬೇಕು ಅಂತ ನನ್ನ ಬೆನ್ನು ಬಿದ್ದಳು. ನಾನು ಮರಿಸ್ವಾಮಿಗೆ ಹೇಳಿದೆ, ಅವನು ದೊಡ್ಡ ಊರಿನ ದನದ ಡಾಕ್ಟರಿಗೆ ಫೋನು ಮಾಡಿದ. ಅಲ್ಲಿಂದ ಇನ್ನೆಲ್ಲಿಗೋ ಸುದ್ದಿ ಹೋಗಿ, ಕೊನೆಗೆ ಬಸ್ಸಿನಿಂದ ಒಬ್ಬರು ಮೇಡಂ ಇಳಿದರು.

ಅವರು ಇಂದುಶೇಖರಿ ಮೇಡಂ. ದೂರದ ಮೃಗಾಲಯದಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವವರು. ತೆಳ್ಳಗೆ, ಕೊರಳಲ್ಲಿ ದುರ್ಬೀನು, ಊಟದಲ್ಲಿ ಮಾತ್ರ ಯಾರಿಗೂ ಕಮ್ಮಿಯಿಲ್ಲ. ಹಕ್ಕಿ ಅವರಲ್ಲಿಂದಲೇ ತಪ್ಪಿಸಿಕೊಂಡು ಬಂದದ್ದಂತೆ. ಕೊಂಡೊಯ್ಯಲು ವ್ಯಾನು ಬರುವವರೆಗೆ ಅವರು ನಮ್ಮೂರಲ್ಲೇ ಉಳಿದು ಮೆಸ್ಸಿನಲ್ಲಿ ಊಟ ಮಾಡುತ್ತಿದ್ದರು. ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅಕ್ಕ ಮೊದಲ ದಿನವೇ ಕೇಳಿದಳು. ಮೇಡಂ ಹೇಳಿದ ಹೆಸರು ಕೇಳಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಯಾಜಿಟೇರಿಯಸ್ ಸರ್ಪೆಂಟೇರಿಯಸ್.

ಅದು ವಿಜ್ಞಾನದವರು ಇಟ್ಟ ಹೆಸರು, ಲ್ಯಾಟಿನ್ ಭಾಷೆಯದು ಅಂದರು. ಹಕ್ಕಿಯ ತವರು ಆಫ್ರಿಕದ ಹುಲ್ಲುಗಾವಲು. ಇಂಗ್ಲಿಷಿನಲ್ಲಿ ಇದನ್ನು ಸೆಕ್ರೆಟರಿ ಅನ್ನುತ್ತಾರಂತೆ, ಕಿವಿಯ ಹಿಂದೆ ಲೇಖನಿ ಸಿಕ್ಕಿಸಿಕೊಂಡ ಗುಮಾಸ್ತನ ಹಾಗಿದೆ ಅಂತ. ಅದಲ್ಲ, ಬೇಟೆ ಹಕ್ಕಿ ಅನ್ನುವ ಅರಬ್ಬಿ ಮಾತಿನಿಂದ ಬಂದದ್ದು ಅನ್ನುವವರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ನಮ್ಮ ಮಕ್ಕಳು ಶಾನುಭೋಗ ಅಂದದ್ದನ್ನು ಕೇಳಿ ಮೇಡಂ ತುಂಬ ಹೊತ್ತು ನಕ್ಕರು. ಲ್ಯಾಟಿನ್ ಹೆಸರಿನ ಎರಡನೆಯ ಮಾತು ಹಾವಿಗೆ ಸಂಬಂಧಪಟ್ಟವನು ಅಂತ. ಮೊದಲನೆಯದು ಬಿಲ್ಲುಗಾರ. ಗುರಿಯಿಟ್ಟುಕೊಂಡು ಒಂದೊಂದೇ ಹೆಜ್ಜೆ ಇಡುತ್ತದಲ್ಲ, ಅದಕ್ಕೆ. ತಲೆಯ ಹಿಂದಿನ ಗರಿ ಬತ್ತಳಿಕೆಯ ಬಾಣಗಳ ಹಾಗೆ ಕಂಡಿದ್ದರೂ ಕಂಡಿರಬಹುದು.

“ಹೆಸರಿನ ಅರ್ಥ ಅಂದ್ರೆ ಹೆಸರಿಟ್ಟವರ ಕಣ್ಣಮ್ಮ,” ಅಂದರು ಮೇಡಂ. “ಅವರು ಅದರಲ್ಲಿ ಏನು ಕಂಡ್ರು ಅನ್ನೋದು. ಹಕ್ಕಿಗೆ ಏನೂ ಗೊತ್ತಿರೋಲ್ಲ.”

ಹೆಸರಿಟ್ಟವರು ಯಾರು, ಅವರಿಗೆ ಊಟ ಹಾಕುವವರು ಯಾರು ಅಂತ ಅಕ್ಕ ಕೇಳಿದಳು. ಬೇರೆ ಊರಿನವರಾದರೆ ಈ ಪ್ರಶ್ನೆಗೆ ನಗುತ್ತಿದ್ದರೇನೋ. ಮೇಡಂ ನಗಲಿಲ್ಲ. ಹಿಟ್ಟು ಹರಡಿದ್ದ ಮಣೆಯ ಮೇಲೆ ಬೆರಳಿನಿಂದ ಹಕ್ಕಿಯ ಹೆಸರು ಬರೆದರು, ಅದರ ಮುಂದೆ ಇನ್ನೊಂದು ಹೆಸರು ಬರೆದರು, ಆ ಹೆಸರಿನ ಎರಡು ಕಡೆಯೂ ಬ್ರಾಕೆಟ್ಟು ಹಾಕಿದರು. ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಚಿತ್ರಗಾರ ಈ ಹಕ್ಕಿಯ ಚಿತ್ರ ಬರೆದು ಸರ್ಪೆಂಟೇರಿಯಸ್ ಅಂತ ಕರೆದ. ಆದರೆ ಇದನ್ನು ಗಿಡುಗದ ಕುಲಕ್ಕೆ ಸೇರಿಸಿಬಿಟ್ಟ. ಕೆಲವು ವರ್ಷದ ಮೇಲೆ ಒಬ್ಬ ವೈದ್ಯ ನೋಡಿ, ಇದು ಗಿಡುಗದ ಮನೆಯದಲ್ಲ ಅಂತ ಬೇರೆ ಮನೆ ಮಾಡಿಕೊಟ್ಟ, ಆ ಮನೆಗೆ ಬಿಲ್ಲುಗಾರ ಅಂತ ಹೆಸರಿಟ್ಟ. ಹಕ್ಕಿಯ ಮನೆ ಬದಲಾಯಿತು. ಆದರೆ ಮೊದಲು ಕರೆದವನು ಕೊಟ್ಟ ಹೆಸರನ್ನು ಕಿತ್ತುಕೊಳ್ಳುವ ಹಾಗಿಲ್ಲ, ಅವನನ್ನು ಮರೆಯುವ ಹಾಗೂ ಇಲ್ಲ. ಹಕ್ಕಿಯ ಹೆಸರನ್ನು ಪೂರ್ತಿಯಾಗಿ ಬರೆಯುವವರು ಅವನ ಹೆಸರನ್ನೂ ಪಕ್ಕದಲ್ಲಿ ಬರೆಯುತ್ತಾರೆ. ಈಗ ಮನೆ ಬೇರೆ ಅಂತ ತಿಳಿಯಲು ಈ ಬ್ರಾಕೆಟ್ಟು. ಅದೇ ನಮ್ಮ ಊಟ ಅಂದುಕೊಳ್ಳಿ ಅಂದರು.

ಅಕ್ಕ ಆ ಬ್ರಾಕೆಟ್ಟನ್ನೇ ನೋಡುತ್ತ ನಿಂತಳು. ಏನನ್ನೋ ಚೆಲ್ಲದಂತೆ ಹಿಡಿದ ಎರಡು ಅಂಗೈಗಳ ಹಾಗಿತ್ತು ಅದು.

“ಹೆಸರಿಟ್ಟೋರು ಯಾರೂಂತಾನೇ ಗೊತ್ತಿಲ್ದೆ ಇರೋ ಹಕ್ಕಿ ಇಲ್ವಾ?” ಅಂತ ಕೇಳಿದಳು.

“ಇರುತ್ತವೆ. ಹಳೇ ಪುಸ್ತಕದಲ್ಲಿ ಹೆಸರಿರುತ್ತೆ, ಇಟ್ಟವರು ತಮ್ಮ ಗುರುತು ಹೇಳಿರೋಲ್ಲ.”

“ಆವಾಗ ಏನು ಮಾಡ್ತೀರ?”

“ಯಾರೋ ಒಬ್ಬರು ಅಂತ ಬರೀತೀವಿ. ಜಾಗ ಮಾತ್ರ ಖಾಲಿ ಬಿಡೋಲ್ಲ.”

ಅಕ್ಕ ಜರಡಿ ಕೆಳಗಿಟ್ಟು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಹೊಗೆ ಅಂದಳು. ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. ಜೀವಮಾನವೆಲ್ಲ ಮೂರುದಾರಿಯಲ್ಲಿ ನಿಂತು ಅನ್ನ ಎಸೆದೆ, ದೃಷ್ಟಿ ನಿವಾಳಿಸಿ ಬಿಸಾಡಿದ ಹಾಗೆ. ತಿರುಗಿ ಕೂಡ ನೋಡಲಿಲ್ಲ. ನನಗೆ ಹೆಸರು ಕೊಟ್ಟವರು ದೆವ್ವವೇ ಸಂಪಂಗಿ? ಒಂದು ದಿನ ಎಲೆ ಹಾಕಿ, ಮಣೆ ಇಟ್ಟು, ಬನ್ನಿ ಕೂತ್ಕೊಳ್ಳಿ ಅಂದಿದ್ದೇನೆಯೇ? ಗೊತ್ತಿಲ್ಲದವರಿಗೆ ಎಲೆ ಹಾಕುವುದೆಂದು ನಮ್ಮ ಊರಿನಲ್ಲಿ ಯಾರಿಗೂ ಹೊಳೆದಿರಲೇ ಇಲ್ಲ.

ಭಾನುವಾರ ಬಂತು. ಬೆಳಿಗ್ಗೆ ಹಕ್ಕಿಯದೇ ಮೊದಲ ಊಟ, ಅದು ಅಕ್ಕನ ಹಟ. ಚಿತ್ರಗಾರನಿಗೊಂದು ಎಲೆ, ವೈದ್ಯನಿಗೊಂದು ಎಲೆ. ಪರದೇಶದವರು ಮುದ್ದೆ ನುಂಗುತ್ತಾರೆಯೇ ಅಂತ ಸ್ವಲ್ಪ ಚರ್ಚೆಯಾಯಿತು, ಅಕ್ಕ ಅನ್ನವನ್ನೂ ಮಾಡಿದಳು. ಗೆರೆ ಎಳೆದು ಬದುಕುವವನು ಅಂತ ಚಿತ್ರಗಾರನ ಎಲೆಗೆ ನಾನು ಕೂತೆ. ಔಷಧಿ ಕೊಡುವವನು ಅಂತ ವೈದ್ಯನ ಎಲೆಗೆ ಮರಿಸ್ವಾಮಿ ಕೂತ. ಮೇಡಂ ಎಷ್ಟು ದಿನ ಹೇಳಿಕೊಟ್ಟರೂ ಸಂಜೆಯವರೆಗೆ ನಿಲ್ಲದಿದ್ದ ಹೆಸರು, ಎರಡನೆಯ ತುತ್ತಿಗೆ ನಮ್ಮಿಬ್ಬರ ಬಾಯಿಂದಲೂ ನೀರು ಕುಡಿದಷ್ಟು ಸಲೀಸಾಗಿ ಹೊರಟಿತು. ಅಕ್ಕ ಹಿತ್ತಲಿಗೆ ಹೋಗಿ ಗೋಡೆಯಾಚೆ ನಿಂತಿದ್ದ ಹಕ್ಕಿಗೆ ಹೆಸರು ಹಿಡಿದು, ನನ್ನ ಕೈ ಉಳಿಸಿದೆಯಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ ಅಂದಳು. ಇವತ್ತಿಗೂ ನಮ್ಮೂರ ಮಕ್ಕಳಿಗೆ ಮಗ್ಗಿ ಬರದಿದ್ದರೂ ಸ್ಯಾಜಿಟೇರಿಯಸ್ ಸರ್ಪೆಂಟೇರಿಯಸ್ ಬರುತ್ತದೆ.

ಆಮೇಲೆ ಅವಳು ಮೆಸ್ಸಿನ ನಡುವೆ, ಎಲ್ಲರೂ ಕೂರುವ ಸಾಲಿನಲ್ಲೇ, ತನಗೆ ಹೆಸರಿಟ್ಟ ಯಾರೋ ಒಬ್ಬರಿಗೆ ಅಂತ ಒಂದು ಮಣೆ ಇಟ್ಟು ಎಲೆ ಹಾಕಿದಳು. ಮೆಲ್ಲಗೆ ನನ್ನ ಕಡೆ ತಿರುಗಿ, ದಿನಾ ಬೆಳಿಗ್ಗೆ ಒಲೆ ಮುಂದೆ ಕೂತು ನನ್ನ ಹೆಸರನ್ನ ಒಂದು ಸಲ ಹೇಳ್ಕೋತಿದ್ದೆ, ನಿನ್ನೆ ಅರ್ಧ ಬಂತು, ಇವತ್ತು ಬರಲೇ ಇಲ್ಲ ಅಂದಳು. ಯಾರೋ ಒಬ್ಬರ ಎಲೆಗೆ ಗುರುತಿಲ್ಲದ ಹೊರಗಿನವರೇ ಕೂರಬೇಕು. ಮೇಡಂ ಅವರನ್ನೇ ಕೂರಿಸೋಣ ಅಂದೆ. ಮೇಡಂ ತಲೆಯಾಡಿಸಿದರು. “ನಿಮ್ಮ ಅನ್ನ ಉಂಡು ನಿಮ್ಮವಳೇ ಆಗಿಬಿಟ್ಟೆ. ನಾನು ಯಾರೋ ಅಲ್ಲ ಈಗ,” ಅಂದರು. ನಿಜವೇ ಆಗಿತ್ತು.

ಹೆಸರೂಟದ ದಿನ ನಮ್ಮೂರಿಗೆ ಹೊರಗಿನವರು ಬರುವುದಿಲ್ಲ. ಬಂದು ಏನು ಮಾಡುತ್ತಾರೆ, ಅಂಗಡಿ ಎಲ್ಲ ಮುಚ್ಚಿರುತ್ತದೆ. ಮಧ್ಯಾಹ್ನವಾಯಿತು. ಊರಿನ ಬೇರೆ ಎಲೆಗಳೆಲ್ಲ ಎದ್ದವು, ಎಲ್ಲ ಕಡೆಯಿಂದ ಹೆಸರು ಕೂಗುವ ಸದ್ದು ಕೇಳಿ ನಿಂತಿತು. ಊಟ ಮುಗಿದವರು ಒಬ್ಬೊಬ್ಬರೇ ಬಂದು ಮೆಸ್ಸಿನ ಜಗಲಿಯಲ್ಲಿ ಕೂತರು. ಕರೆದವರಿಲ್ಲ, ಬಂದರು. ಎಲೆಯ ಅಂಚು ಒಣಗಿ ಸುರುಳಿಯಾಯಿತು. ಹೊತ್ತು ಮುಳುಗಿದರೆ ಹೆಸರೂಟ ನಡೆಯುವುದಿಲ್ಲ. ಅಕ್ಕ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಲೇ ಇದ್ದಳು.

ಬಿಸಿಲು ಗೋಡೆ ಹತ್ತಿದ ಹೊತ್ತಿಗೆ ಮೃಗಾಲಯದ ವ್ಯಾನು ಬಂದು ನಿಂತಿತು. ಹಿಂದೆ ಪಂಜರ, ಮುಂದೆ ಒಬ್ಬ ಡ್ರೈವರು. ಧೂಳು ಹಿಡಿದ ಮುಖ, ಹೆಗಲಲ್ಲಿ ಟವೆಲ್ಲು, ಈ ಸೀಮೆಯವನೇ ಅಲ್ಲ. ದಾರಿ ತಪ್ಪಿ ಸುತ್ತಿ ಬಂದೆ, ಹಕ್ಕಿ ಎಲ್ಲಿ ಅಂತ ಮೇಡಮ್ಮನ್ನು ಕೇಳಿದ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಎಂದೂ ಯಾವ ಮನುಷ್ಯರಿಗೂ ತಲೆ ಬಗ್ಗಿಸದವಳು ಅವನಿಗೆ ಕೈ ಮುಗಿದಳು.

“ಯಾರೋ ಗೊತ್ತಿಲ್ಲ ನೀವು. ಬನ್ನಿ, ಕೂತ್ಕೊಳ್ಳಿ. ನಿಮಗೇ ಅಂತ ಎಲೆ ಹಾಕಿದೀನಿ.”

ಅವನು ಗಾಬರಿಯಾಗಿ ಮೇಡಂ ಮುಖ ನೋಡಿದ. ಅವರು ಹೂಂ ಅಂದರು. ಹಸಿದಿದ್ದ ಮನುಷ್ಯ, ಕೈಕಾಲು ತೊಳೆದು ಕೂತ. ಅಕ್ಕ ಬಡಿಸಿದಳು. ಜಗಲಿಯ ಮೇಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಹೇಳಿಕೊಡುವ ಹಾಗೂ ಇಲ್ಲ. ಮೊದಲ ತುತ್ತು ಉಂಡ, ಮಾತಾಡಲಿಲ್ಲ. ಎರಡನೆಯದು ಉಂಡ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಇಷ್ಟೊಂದು ಜನ ತನ್ನ ಊಟ ನೋಡುತ್ತಿದ್ದಾರಲ್ಲ ಅಂತ ಅವನಿಗೆ ಸಂಕೋಚವಾಗಿ ತಲೆ ತಗ್ಗಿಸಿಯೇ ಉಂಡ. ಎಲೆಯಲ್ಲಿದ್ದ ಸಾರು ಮುಗಿಯಿತು. ಅಕ್ಕ ಸೌಟು ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿಕೊಂಡಳು. ನಾನು ಮನಸ್ಸಿನಲ್ಲೇ ನನ್ನ ಹೆಸರಿಗೆ ಹೋಗಿ ಬಾ ಅಂದುಬಿಟ್ಟೆ.

ಅವನು ಸಾಕು ಅಂತ ಕೈ ಅಡ್ಡ ಹಿಡಿಯದೆ ತಲೆ ಎತ್ತಿದ. ಪರಿಚಯದ ಮನೆಯಲ್ಲಿ ಕೇಳುವ ಹಾಗೆ ಕೇಳಿದ.

“ಅರಸಮ್ಮ, ಇನ್ನೊಂದು ಸೌಟು ಸಾರು ಬಿಡಿ.”

ಅರಸಮ್ಮ. ಅದೇ, ಅದೇ ಹೆಸರು. ಎಲ್ಲರ ಬಾಯಿಗೂ ಒಟ್ಟಿಗೇ ಬಂತು, ಬಾಗಿಲಲ್ಲಿ ನಿಂತವರೆಲ್ಲ ಗುನುಗುನು ಅಂತ ಹೇಳಿಕೊಂಡರು. ಮುದುಕರೊಬ್ಬರು ಅತ್ತರು. ಡ್ರೈವರು ತನ್ನಿಂದೇನೋ ತಪ್ಪಾಯಿತು ಅಂದುಕೊಂಡು ಸಾರು ಬೇಡ ಬಿಡಿ ಅಂದ. ಅವಳು ಅವನ ಎಲೆಗೆ ಪಾತ್ರೆಯನ್ನೇ ಬಗ್ಗಿಸಿದಳು.

ಅವನಿಗೆ ಹೇಗೆ ಗೊತ್ತಾಯಿತು ಅಂತ ನಾವು ಕೇಳಲಿಲ್ಲ, ನೀವೂ ಕೇಳಬೇಡಿ. ನನಗೆ ಆ ಹೊತ್ತು ನೆನಪಾದದ್ದು ಮೇಡಂ ಹೇಳಿದ ಮಾತು. ಹೆಸರಿನ ಅರ್ಥ ಅಂದರೆ ಇಟ್ಟವರ ಕಣ್ಣು. ಯಾರೋ ಒಬ್ಬರು, ಎಲ್ಲೋ ಒಂದು ಕಡೆ, ಒಂದು ಬಡ ಕೂಸನ್ನು ನೋಡಿದರು. ಮುಂದೆ ಅದನ್ನು ಬಿಟ್ಟುಹೋಗುವಂಥ ಕಷ್ಟ ಯಾರಿಗೆ ಏನು ಬಂತೋ ಗೊತ್ತಿಲ್ಲ. ಆದರೆ ನೋಡಿದ ದಿನ ಅವರಿಗೆ ಅಲ್ಲಿ ಕಂಡದ್ದು ಅರಸಿ. ಇಷ್ಟು ವರ್ಷ ಅವಳ ಕೈಯಲ್ಲಿ ಉಂಡ ನಮಗೆ ಅದು ಕಂಡಿರಲಿಲ್ಲ. ಆ ಯಾರೋ ಒಬ್ಬರಿಗೆ ನಾನೂ ಅಲ್ಲೇ ಕೈ ಮುಗಿದೆ.

ವ್ಯಾನು ಹೊರಡುವ ಮುಂಚೆ ಬಿಸಿಲಿನ್ನೂ ಸ್ವಲ್ಪ ಉಳಿದಿತ್ತು. ನಾನು ಓಡಿ ಒಂದು ಎಲೆ ತಂದು ಹಾಕಿದೆ, ಅವಳೇ ಮಾಡಿದ್ದನ್ನು ಬಡಿಸಿದೆ. “ಅರಸಮ್ಮ, ಬಾ, ಕೂತ್ಕೋ,” ಅಂದೆ. ನಾಲಿಗೆ ಎಲ್ಲಿಯೂ ತಡೆಯಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಅಗಿದಳು. ನಾನು ಕಾದೆ.

“ಸಂಪಂಗಿ,” ಅಂದಳು ಕೊನೆಗೆ. “ಉಪ್ಪು ಸರಿಯಾಗೈತೆ ಕಣೋ.”